ಕೆಲಸ ಬಿಟ್ಟ ಮೊದಲ ವರ್ಷ: ಜಾಲಹಳ್ಳಿಯ ಗಡಿಯಾರ ಕಾರ್ಖಾನೆ ಕಲಿಸಿದ ಪಾಠ

ಬೆಂಗಳೂರು: ಮೂವತ್ತು ವರ್ಷ ಒಂದೇ ಗೇಟಿನೊಳಗೆ ಹೋಗಿ ಬಂದ ಮನುಷ್ಯನಿಗೆ ಆ ಗೇಟು ಮುಚ್ಚಿದ ಮರುದಿನವೂ ಬೆಳಗಿನ ಜಾವ ಐದಕ್ಕೇ ಎಚ್ಚರವಾಗುತ್ತದೆ. ಊಟದ ಡಬ್ಬಿ ಸಿದ್ಧವಾಗಬೇಕಾಗಿಲ್ಲ, ಕಂಪನಿ ಬಸ್ಸು ತಪ್ಪಿಹೋಗುವ ಭಯವಿಲ್ಲ, ಹಾಜರಿ ಹಾಕುವ ಅವಸರವೂ ಇಲ್ಲ. ಆದರೂ ಮೈ ಏಳುತ್ತದೆ. ಎದ್ದ ಮೇಲೆ ಮಾಡಬೇಕಾದದ್ದೇನು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರುವುದಿಲ್ಲ. ಸ್ವಯಂ ನಿವೃತ್ತಿ ಪಡೆದವರ, ಕಾರ್ಖಾನೆ ಮುಚ್ಚಿದ ಕಾರಣ ಹೊರಬಂದವರ ಮೊದಲ ವರ್ಷ ಆರಂಭವಾಗುವುದು ಸಾಮಾನ್ಯವಾಗಿ ಹೀಗೆ.

ಉತ್ತರ ಬೆಂಗಳೂರಿಗೆ ಈ ಅನುಭವ ಹೊಸದಲ್ಲ. ಯಶವಂತಪುರ, ಮತ್ತಿಕೆರೆ, ಜಾಲಹಳ್ಳಿ, ವಿದ್ಯಾರಣ್ಯಪುರ, ಆರ್.ಟಿ. ನಗರಗಳ ಹಳೆಯ ಬೀದಿಗಳಲ್ಲಿ ಕಾರ್ಖಾನೆಯ ನೌಕರಿಯಿಂದಲೇ ಕಟ್ಟಿದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಎಚ್‌ಎಂಟಿ ಬಡಾವಣೆ, ಬಿಇಎಲ್ ಬಡಾವಣೆ ಎಂಬ ಹೆಸರುಗಳೇ ಆ ಇತಿಹಾಸವನ್ನು ಹೇಳುತ್ತವೆ. ಈ ಪೈಕಿ ಎಚ್‌ಎಂಟಿಯ ಕೈಗಡಿಯಾರ ಘಟಕದ ಕಥೆ ವಿಶೇಷವಾದುದು. ದೇಶದ ಮನೆಮನೆಗೆ ಸಮಯ ತಿಳಿಸಿದ ಕೈಗಳಿಗೆ, ತಮ್ಮ ಸಮಯವನ್ನು ಏನು ಮಾಡಬೇಕೆಂಬ ಪ್ರಶ್ನೆ ಎದುರಾದ ಕಥೆ ಅದು. ಆ ಕುಟುಂಬಗಳ ಬದುಕಿನ ಅತಿ ದೊಡ್ಡ ತಿರುವು ಬಂದದ್ದು 2016ರಲ್ಲಿ. ಸುಮಾರು ಒಂದು ದಶಕದ ನಂತರ ಆ ವರ್ಷವನ್ನು ಹಿಂತಿರುಗಿ ನೋಡಿದರೆ, ಇಂದು ಕೆಲಸ ಬಿಡುತ್ತಿರುವ ಅಥವಾ ಕಳೆದುಕೊಳ್ಳುತ್ತಿರುವ ಯಾರಿಗಾದರೂ ಉಪಯೋಗವಾಗುವ ಹಲವು ಸಂಗತಿಗಳು ಅಲ್ಲಿವೆ.

ಸಮಯಪಾಲಕರ ಏಳುಬೀಳು

ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾಯಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ತಾಂತ್ರಿಕ ನೆರವಿನೊಂದಿಗೆ ಯಂತ್ರಗಳನ್ನು ತಯಾರಿಸುವ ಯಂತ್ರಗಳನ್ನು, ಅಂದರೆ ಲೇತ್ ಮುಂತಾದ ಯಂತ್ರೋಪಕರಣಗಳನ್ನು ನಿರ್ಮಿಸುವುದು ಅದರ ಮೂಲ ಉದ್ದೇಶವಾಗಿತ್ತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಜನತಾ, ಪೈಲಟ್, ಕಾಂಚನ್, ಸೋನಾ ಮುಂತಾದ ಹೆಸರುಗಳು ಮಧ್ಯಮ ವರ್ಗದ ಮನೆಮಾತಾದವು. ಮದುವೆಯ ಉಡುಗೊರೆ ಎಂದರೆ ಎಚ್‌ಎಂಟಿ, ಎಸ್‌ಎಸ್‌ಎಲ್‌ಸಿ ಪಾಸಾದರೆ ಅಪ್ಪ ಕೊಡಿಸುವುದು ಎಚ್‌ಎಂಟಿ ಎಂಬ ಕಾಲವೊಂದಿತ್ತು. ಅಂಧರು ಬೆರಳಿನಿಂದ ಮುಟ್ಟಿ ಸಮಯ ತಿಳಿಯಬಹುದಾದ ಬ್ರೈಲ್ ಗಡಿಯಾರಗಳನ್ನೂ ಸಂಸ್ಥೆ ತಯಾರಿಸಿತು. ಲಾಲ್‌ಬಾಗಿನ ಹೂವಿನ ಗಡಿಯಾರವೂ ಎಚ್‌ಎಂಟಿಯ ಕೊಡುಗೆಯೇ. 'ದೇಶದ ಸಮಯಪಾಲಕರು' ಎಂಬುದು ಸಂಸ್ಥೆಯ ಘೋಷವಾಕ್ಯವಾಗಿತ್ತು.

1980ರ ದಶಕದಲ್ಲಿ ಕಾಲ ಬದಲಾಯಿತು. ಕೀಲಿ ಕೊಡುವ ಗಡಿಯಾರದ ಸ್ಥಾನವನ್ನು ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಆಕ್ರಮಿಸಿತು. ಟಾಟಾ ಸಮೂಹ ಹಾಗೂ ತಮಿಳುನಾಡು ಸರ್ಕಾರದ ಉದ್ಯಮವೊಂದು ಕೂಡಿ 1984ರಲ್ಲಿ ಸ್ಥಾಪಿಸಿದ ಟೈಟಾನ್, ಹೊಸೂರಿನ ಕಾರ್ಖಾನೆಯಿಂದ ಮಾರುಕಟ್ಟೆಗೆ ಬಂದಿತು. ಆರ್ಥಿಕ ಉದಾರೀಕರಣದ ನಂತರ ವಿದೇಶಿ ಗಡಿಯಾರಗಳೂ ಬಂದವು. ಎಚ್‌ಎಂಟಿಯ ಗಡಿಯಾರ ವಿಭಾಗ ನಷ್ಟದಲ್ಲಿ ಮುಳುಗುತ್ತಾ ಹೋಯಿತು. ಕೊನೆಗೆ 2016ರ ಜನವರಿ 6ರಂದು ಕೇಂದ್ರ ಸಚಿವ ಸಂಪುಟವು ಎಚ್‌ಎಂಟಿ ವಾಚಸ್, ಎಚ್‌ಎಂಟಿ ಚಿನಾರ್ ವಾಚಸ್ ಹಾಗೂ ಎಚ್‌ಎಂಟಿ ಬೇರಿಂಗ್ಸ್ ಎಂಬ ಮೂರು ಅಂಗಸಂಸ್ಥೆಗಳನ್ನು ಮುಚ್ಚಲು ಒಪ್ಪಿಗೆ ನೀಡಿತು. 2007ರ ವೇತನ ಶ್ರೇಣಿಯನ್ನು ಲೆಕ್ಕಕ್ಕೆ ಹಿಡಿದು ನೌಕರರಿಗೆ ಸ್ವಯಂ ನಿವೃತ್ತಿ ಪರಿಹಾರ ನೀಡಲು 427.48 ಕೋಟಿ ರೂಪಾಯಿ ಒದಗಿಸುವುದಾಗಿ ಸರ್ಕಾರ ಪ್ರಕಟಿಸಿತು.

ಒಂದು ಕಾಲಕ್ಕೆ ಸಾವಿರಾರು ಮಂದಿಗೆ ಅನ್ನ ನೀಡಿದ್ದ ಗಡಿಯಾರ ಘಟಕಗಳಲ್ಲಿ ಆ ವೇಳೆಗೆ ಉಳಿದಿದ್ದವರು ಕಡಿಮೆ. ಮೊದಲ ಅಲೆಯಲ್ಲಿ ಹೋದವರು ಎಂದೋ ಹೋಗಿದ್ದರು. ಕೇಂದ್ರ ಸರ್ಕಾರಿ ಉದ್ಯಮಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ 1988ರ ಅಕ್ಟೋಬರ್‌ನಲ್ಲೇ ಜಾರಿಗೆ ಬಂದಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು. 2016ರಲ್ಲಿ ಹೊರಬಂದವರು ಕೊನೆಯವರೆಗೂ ಕಾದವರು.

ಕೈಗೆ ಬಂದ ಗಂಟು ಎಷ್ಟು?

ಮೊದಲ ವರ್ಷದ ನೆಮ್ಮದಿ ನಿಂತಿರುವುದು ಕೈಗೆ ಬರುವ ಮೊತ್ತದ ಮೇಲೆ ಎಂದು ಹೆಚ್ಚಿನವರು ಭಾವಿಸುತ್ತಾರೆ. ಆ ಮೊತ್ತ ಹೇಗೆ ರೂಪುಗೊಳ್ಳುತ್ತದೆ ಎಂಬುದು ಮಾತ್ರ ಬಹಳ ಜನರಿಗೆ ಸ್ಪಷ್ಟವಿರುವುದಿಲ್ಲ.

ಸರ್ಕಾರಿ ಉದ್ಯಮಗಳಲ್ಲಿ ಬಳಕೆಯಲ್ಲಿರುವ ಪ್ರಮುಖ ಲೆಕ್ಕಾಚಾರಗಳಲ್ಲಿ 'ಗುಜರಾತ್ ಮಾದರಿ' ಒಂದು. ಇದರನ್ವಯ ಪೂರೈಸಿದ ಪ್ರತಿ ವರ್ಷದ ಸೇವೆಗೆ 35 ದಿನಗಳ ವೇತನ, ನಿವೃತ್ತಿಗೆ ಉಳಿದಿರುವ ಪ್ರತಿ ವರ್ಷಕ್ಕೆ 25 ದಿನಗಳ ವೇತನ ದೊರೆಯುತ್ತದೆ. ಇಲ್ಲಿ ವೇತನವೆಂದರೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಮಾತ್ರ. 30 ವರ್ಷ ದುಡಿದು, ಇನ್ನೂ 5 ವರ್ಷ ಸೇವೆ ಉಳಿದಿರುವ ನೌಕರನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 30 ವರ್ಷಕ್ಕೆ 1,050 ದಿನ, 5 ವರ್ಷಕ್ಕೆ 125 ದಿನ, ಒಟ್ಟು 1,175 ದಿನಗಳ ವೇತನವಾಗುತ್ತದೆ. ತಿಂಗಳಿಗೆ 30 ದಿನವೆಂದರೆ ಸುಮಾರು 39 ತಿಂಗಳ ಸಂಬಳ.

ಆದರೆ ಇಲ್ಲೊಂದು ಮಿತಿಯುಂದು. ಉಳಿದ ಸೇವಾವಧಿಯಲ್ಲಿ ದುಡಿದಿದ್ದರೆ ಎಷ್ಟು ಸಂಬಳ ಸಿಗುತ್ತಿತ್ತೋ ಅದಕ್ಕಿಂತ ಹೆಚ್ಚು ಪರಿಹಾರ ಕೊಡುವಂತಿಲ್ಲ. 33 ವರ್ಷ ದುಡಿದು ಕೇವಲ 2 ವರ್ಷ ಉಳಿದಿರುವವನಿಗೆ ಸೂತ್ರದ ಪ್ರಕಾರ 40 ತಿಂಗಳ ಸಂಬಳ ಬರಬೇಕು. ಸಿಗುವುದು 24 ತಿಂಗಳದ್ದು ಮಾತ್ರ. ಹೆಚ್ಚು ವರ್ಷ ದುಡಿದವನಿಗೆ ಕಡಿಮೆ ಹಣ ಬಂದಿತೆಂದು ಅಕ್ಕಪಕ್ಕದ ಮನೆಗಳಲ್ಲಿ ಮೂಡುವ ಅಸಮಾಧಾನಕ್ಕೆ ಈ ಮಿತಿಯೇ ಕಾರಣ.

ಇದರ ಜೊತೆಗೆ ಗ್ರಾಚ್ಯುಯಿಟಿ ಇದೆ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಗ್ರಾಚ್ಯುಯಿಟಿ ಮೊತ್ತ ಸಿಗುತ್ತದೆ. 30 ವರ್ಷಕ್ಕೆ ಅದು ಸುಮಾರು 17 ತಿಂಗಳ ವೇತನ. 2016ರಲ್ಲಿ ಇದರ ಗರಿಷ್ಠ ಮಿತಿ 10 ಲಕ್ಷ ರೂಪಾಯಿ ಇತ್ತು. 2018ರ ಮಾರ್ಚ್‌ನಲ್ಲಿ ಅದನ್ನು 20 ಲಕ್ಷಕ್ಕೆ ಏರಿಸಲಾಯಿತು. ಎರಡು ವರ್ಷ ಮೊದಲೇ ಹೊರಬಂದವರಿಗೆ ಆ ಏರಿಕೆಯ ಲಾಭ ತಲುಪಲಿಲ್ಲ. ಭವಿಷ್ಯ ನಿಧಿಯ ಹಣ ಬೇರೆ ಬರುತ್ತದೆ. ಮಕ್ಕಳ ಓದಿಗೂ ಮನೆ ಕಟ್ಟುವುದಕ್ಕೂ ಅದರಿಂದ ಮೊದಲೇ ತೆಗೆದವರಿಗೆ ಉಳಿಯುವುದು ಅಲ್ಪ.

ಪಿಂಚಣಿಯ ಕಹಿ ಲೆಕ್ಕ

ಬಹುತೇಕ ಕಾರ್ಖಾನೆ ನೌಕರರನ್ನು ಮೊದಲ ವರ್ಷದಲ್ಲಿ ಬೆಚ್ಚಿಬೀಳಿಸುವುದು ಪಿಂಚಣಿಯ ಕಾಗದ. 'ಕೇಂದ್ರ ಸರ್ಕಾರದ ಕಂಪನಿ' ಎಂಬ ಕಾರಣಕ್ಕೆ ಸರ್ಕಾರಿ ನೌಕರರಂತೆ ಕೊನೆಯ ಸಂಬಳದ ಅರ್ಧ ಬರುತ್ತದೆಂದು ಬಂಧುಗಳು ತಿಳಿದಿರುತ್ತಾರೆ. ವಾಸ್ತವ ಹಾಗಿಲ್ಲ. ಈ ನೌಕರರಿಗೆ ಅನ್ವಯಿಸುವುದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ, ಅಂದರೆ ಇಪಿಎಸ್-95.

ಇದರ ಸೂತ್ರ ಸರಳ. ಪಿಂಚಣಿಗೆ ಪರಿಗಣಿಸುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ನಿಜವಾದ ಸಂಬಳ ಎಷ್ಟೇ ಇರಲಿ, ವಂತಿಗೆಯನ್ನು ಮಿತಿಗೆ ಅನುಸಾರವಾಗಿ ಕಟ್ಟಿದ್ದರೆ ಪರಿಗಣಿಸುವುದು ಆ ಮಿತಿಯನ್ನೇ. ಆ ಮಿತಿ 2014ರ ಆಗಸ್ಟ್‌ವರೆಗೆ ತಿಂಗಳಿಗೆ 6,500 ರೂಪಾಯಿ ಇತ್ತು. ಸೆಪ್ಟೆಂಬರ್‌ನಿಂದ 15,000 ಆಯಿತು. 1995ರಿಂದ 2016ರವರೆಗಿನ ಸೇವೆಯನ್ನು ಹೀಗೆ ಎರಡು ಭಾಗ ಮಾಡಿ ಲೆಕ್ಕ ಹಾಕಿದರೆ ಸಿಗುವುದು ತಿಂಗಳಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು. 1995ಕ್ಕೆ ಹಿಂದಿನ ಸೇವೆಯ ಸೌಲಭ್ಯ ಸೇರಿದರೆ ಇನ್ನಷ್ಟು. ಅದೂ 58 ತುಂಬಿದ ಮೇಲೆ. 50 ದಾಟಿದವರು ಮೊದಲೇ ಪಡೆಯಬಹುದಾದರೂ ಪ್ರತಿ ವರ್ಷಕ್ಕೆ ಶೇಕಡಾ 4ರಷ್ಟು ಕಡಿತವಾಗುತ್ತದೆ.

ನಿಜ ವೇತನದ ಆಧಾರದ ಮೇಲೆ ಹೆಚ್ಚಿನ ಪಿಂಚಣಿ ನೀಡಬೇಕೆಂಬ ಹೋರಾಟ ನ್ಯಾಯಾಲಯಗಳನ್ನು ಹತ್ತಿ, 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2014ರ ಸೆಪ್ಟೆಂಬರ್ 1ರ ನಂತರ ಸೇವೆಯಲ್ಲಿದ್ದ ಅರ್ಹರಿಗೆ ಆಯ್ಕೆ ಸಲ್ಲಿಸಲು ಅವಕಾಶ ದೊರೆಯಿತಾದರೂ, ವ್ಯತ್ಯಾಸದ ವಂತಿಗೆಯನ್ನು ಹಿಂದಿರುಗಿಸಬೇಕಾದ ಹೊರೆ ನೌಕರರದ್ದೇ ಆಯಿತು. ಸ್ವಯಂ ನಿವೃತ್ತಿಯ ಹಣವನ್ನು ಅದಾಗಲೇ ಮಗಳ ಮದುವೆಗೋ ಮನೆಯ ಮಹಡಿಗೋ ವ್ಯಯಿಸಿದ್ದವರಿಗೆ ಇದು ಸುಲಭದ ಮಾತಾಗಿರಲಿಲ್ಲ.

ಒಂದೇ ತಿಂಗಳ ಗಡುವು

ಹಾಗಾಗಿ ಒಟ್ಟಿಗೆ ಬಂದ ಗಂಟೇ ತಿಂಗಳ ಸಂಬಳದ ಕೆಲಸವನ್ನೂ ಮಾಡಬೇಕು. ಅದಕ್ಕಾಗಿ ಇರುವ ಸುರಕ್ಷಿತ ದಾರಿಗಳಲ್ಲಿ 2004ರಲ್ಲಿ ಆರಂಭವಾದ ಹಿರಿಯ ನಾಗರಿಕರ ಉಳಿತಾಯ ಯೋಜನೆ ಮುಖ್ಯವಾದುದು. 60 ತುಂಬಿರಬೇಕೆಂಬುದು ಸಾಮಾನ್ಯ ನಿಯಮವಾದರೂ ಸ್ವಯಂ ನಿವೃತ್ತಿ ಪಡೆದವರು 55ರಿಂದಲೇ ಸೇರಬಹುದು. 2016ರಲ್ಲಿ ಇದಕ್ಕಿದ್ದ ಷರತ್ತು, ಪರಿಹಾರದ ಹಣ ಕೈಸೇರಿದ ಒಂದು ತಿಂಗಳೊಳಗೆ ಖಾತೆ ತೆರೆಯಬೇಕೆಂಬುದು. ಸನ್ಮಾನ, ಹಾರ, ತೀರ್ಥಯಾತ್ರೆಗಳಲ್ಲಿ ಕಳೆದುಹೋಗುವುದು ಸಾಮಾನ್ಯವಾಗಿ ಅದೇ ತಿಂಗಳು! 2023ರ ನವೆಂಬರ್‌ನಲ್ಲಿ ಈ ಅವಧಿಯನ್ನು ಮೂರು ತಿಂಗಳಿಗೆ ವಿಸ್ತರಿಸಲಾಯಿತು. ಹೂಡಿಕೆಯ ಮಿತಿಯೂ 2023ರ ಏಪ್ರಿಲ್‌ನಿಂದ 15 ಲಕ್ಷದ ಬದಲು 30 ಲಕ್ಷವಾಯಿತು.

2016 ಬಡ್ಡಿಯ ದೃಷ್ಟಿಯಿಂದ ದುರದೃಷ್ಟದ ವರ್ಷವೂ ಆಗಿತ್ತು. ಈ ಯೋಜನೆಯ ಬಡ್ಡಿ ದರ ಆ ಏಪ್ರಿಲ್‌ನಲ್ಲಿ ಶೇಕಡಾ 9.3ರಿಂದ 8.6ಕ್ಕೆ ಇಳಿಯಿತು. 15 ಲಕ್ಷ ಇಟ್ಟವರಿಗೆ ವರ್ಷಕ್ಕೆ 1,39,500 ರೂಪಾಯಿಯ ಬದಲು 1,29,000 ರೂಪಾಯಿ. ನವೆಂಬರ್ 8ರ ರಾತ್ರಿ 500 ಹಾಗೂ 1,000 ರೂಪಾಯಿ ನೋಟುಗಳು ರದ್ದಾದವು. ಅನಂತರ ಬ್ಯಾಂಕುಗಳಲ್ಲಿ ಠೇವಣಿ ತುಂಬಿ ಹರಿದು, ನಿಶ್ಚಿತ ಠೇವಣಿಗಳ ಬಡ್ಡಿಯೂ ಇಳಿಯಿತು. ಜೀವಮಾನದ ದುಡಿಮೆಯನ್ನು ಆಗಷ್ಟೇ ಬ್ಯಾಂಕಿಗೆ ಹಾಕಿದ್ದವರು ಎಟಿಎಂ ಸಾಲಿನಲ್ಲಿ ನಿಂತು ತಮ್ಮದೇ ಹಣಕ್ಕೆ ಕಾಯಬೇಕಾಯಿತು.

ಬಡ್ಡಿ ಇಳಿದಾಗ ಹೆಚ್ಚು ಬಡ್ಡಿಯ ಆಮಿಷ ಬಲವಾಗುತ್ತದೆ. ಅದರ ಪರಿಣಾಮವನ್ನು ಬೆಂಗಳೂರು ಬೇಗನೆ ಕಂಡಿತು. 2019ರಲ್ಲಿ ಐಎಂಎ ಸಮೂಹ ಕುಸಿದು ಸಹಸ್ರಾರು ಕುಟುಂಬಗಳ ಉಳಿತಾಯ ಮುಳುಗಿತು. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಬೀದಿಗೆ ಬಂದ ಠೇವಣಿದಾರರಲ್ಲಿ ನಿವೃತ್ತರ ಸಂಖ್ಯೆ ದೊಡ್ಡದಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಬ್ಯಾಂಕ್ ಠೇವಣಿಗಳ ವಿಮಾ ಮಿತಿಯನ್ನು ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿಸಲಾಯಿತು. ಒಂದೇ ಬ್ಯಾಂಕಿನಲ್ಲಿ ಎಲ್ಲ ಹಣ ಇಡಬಾರದೆಂಬ ಹಿರಿಯರ ಮಾತಿಗೆ ಈ ಐದು ಲಕ್ಷವೇ ಇಂದು ಸ್ಪಷ್ಟವಾದ ಅಳತೆಗೋಲು.

ಗಡಿಯಾರ ಕಟ್ಟದ ಗಂಡಸರು

ಹಣದ ಲೆಕ್ಕ ಕಾಗದದ ಮೇಲೆ ಮುಗಿಯುತ್ತದೆ. ಕಾಗದಕ್ಕೆ ಸಿಗದ ಇನ್ನೊಂದು ಲೆಕ್ಕವಿದೆ.

ಆಸ್ಟ್ರಿಯಾದ ವಿಯೆನ್ನಾ ಸಮೀಪದ ಮರಿಯೆಂಥಾಲ್ ಎಂಬ ಪುಟ್ಟ ಊರಿನಲ್ಲಿದ್ದ ಬಟ್ಟೆ ಗಿರಣಿ 1929-30ರಲ್ಲಿ ಮುಚ್ಚಿತು. ಊರಿಗೆ ಊರೇ ನಿರುದ್ಯೋಗಿಯಾಯಿತು. ಮೇರಿ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸಲ್ ಎಂಬ ಸಂಶೋಧಕರು ಅಲ್ಲಿ ಅಧ್ಯಯನ ನಡೆಸಿ 1933ರಲ್ಲಿ ವರದಿ ಪ್ರಕಟಿಸಿದರು. ಕೆಲಸವಿಲ್ಲದಿದ್ದರೆ ಓದಲು, ಸಂಘಟನೆ ಕಟ್ಟಲು ಬಿಡುವು ಸಿಗುತ್ತದೆಂಬುದು ಸಾಮಾನ್ಯ ನಂಬಿಕೆ. ಕಂಡದ್ದು ಅದಕ್ಕೆ ವಿರುದ್ಧ. ಗ್ರಂಥಾಲಯದಲ್ಲಿ ಶುಲ್ಕ ತೆಗೆದುಹಾಕಿದರೂ ಪುಸ್ತಕ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ನಡುನಡುವೆ ಕಾರಣವಿಲ್ಲದೆ ನಿಲ್ಲತೊಡಗಿದರು. ಬಹುಪಾಲು ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಇಡೀ ದಿನ ಏನು ಮಾಡಿದಿರಿ ಎಂದು ಕೇಳಿದರೆ ಮೂರು ನಾಲ್ಕು ಸಂಗತಿಗಳಿಗಿಂತ ಹೆಚ್ಚು ನೆನಪಿಗೆ ಬರುತ್ತಿರಲಿಲ್ಲ.

ಇದನ್ನು ಆಧರಿಸಿ ಯಹೋದಾ ಮುಂದೆ ಒಂದು ಮಹತ್ವದ ವಿಚಾರ ಮಂಡಿಸಿದರು. ಕೆಲಸವು ಸಂಬಳದ ಜೊತೆಗೆ, ನಮಗೆ ಅರಿವಿಲ್ಲದಂತೆಯೇ ಐದು ಸಂಗತಿಗಳನ್ನು ನೀಡುತ್ತಿರುತ್ತದೆ: ದಿನಕ್ಕೊಂದು ಚೌಕಟ್ಟು, ಮನೆಯ ಹೊರಗಿನ ಜನರ ಒಡನಾಟ, ಹಲವರು ಸೇರಿ ಸಾಧಿಸುವ ಗುರಿ, ಸಮಾಜದಲ್ಲೊಂದು ಸ್ಥಾನ ಮತ್ತು ಬಿಡದೆ ಮಾಡಬೇಕಾದ ಚಟುವಟಿಕೆ. ಕೆಲಸ ಹೋದಾಗ ಸಂಬಳವನ್ನು ಪರಿಹಾರ ತುಂಬಬಹುದು. ಉಳಿದ ಐದನ್ನು ತುಂಬುವ ಯೋಜನೆಯನ್ನು ಯಾವ ಸರ್ಕಾರವೂ ರೂಪಿಸಿಲ್ಲ.

ಜಾಲಹಳ್ಳಿಯಂಥ ಕಾರ್ಖಾನೆ ಊರುಗಳಲ್ಲಿ ಈ ಐದೂ ಒಂದೇ ಆವರಣದಲ್ಲಿದ್ದವು. ಕಾರ್ಖಾನೆ, ವಸತಿಗೃಹ, ಆಸ್ಪತ್ರೆ, ಶಾಲೆ ಎಲ್ಲವೂ ಒಂದೇ ಹೆಸರಿನವು. ರಾಜ್ಯೋತ್ಸವ, ಆಯುಧಪೂಜೆಗಳೂ ಕಾರ್ಖಾನೆಯದ್ದೇ. ನೆರೆಮನೆಯವರೇ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದರು. ಕೆಲಸ ಬಿಟ್ಟವನು ಏಕಕಾಲಕ್ಕೆ ವಿಳಾಸ, ವೈದ್ಯ, ಗೆಳೆಯ ಎಲ್ಲವನ್ನೂ ಕಳೆದುಕೊಳ್ಳುವ ಸ್ಥಿತಿ ಅದು. ವಸತಿಗೃಹ ಖಾಲಿ ಮಾಡಿ ನಾಗಸಂದ್ರಕ್ಕೋ ಯಲಹಂಕದ ಆಚೆಗೋ ಮನೆ ಬದಲಿಸಿದವರಿಗೆ ಇದು ಇನ್ನಷ್ಟು ತೀವ್ರ.

ಆಸ್ಪತ್ರೆಯ ನಷ್ಟಕ್ಕೆ ಹಣದ ಬೆಲೆಯೂ ಇದೆ. ಸಂಸ್ಥೆಯ ವೈದ್ಯಕೀಯ ಸೌಲಭ್ಯ ನಿಂತ ಮೇಲೆ 55 ದಾಟಿದವರು ಹೊಸದಾಗಿ ಆರೋಗ್ಯ ವಿಮೆ ಕೊಂಡರೆ ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತಕ್ಷಣ ರಕ್ಷಣೆ ಸಿಗುವುದಿಲ್ಲ. 2016ರಲ್ಲಿ ಈ ಕಾಯುವ ಅವಧಿ ನಾಲ್ಕು ವರ್ಷದವರೆಗೂ ಇರಬಹುದಿತ್ತು. 2024ರ ಏಪ್ರಿಲ್‌ನಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿಸಲಾಗಿದ್ದು, ವಿಮೆ ಕೊಳ್ಳಲು ಇದ್ದ 65ರ ವಯೋಮಿತಿಯನ್ನೂ ತೆಗೆಯಲಾಗಿದೆ. ಕೆಲಸ ಬಿಡುವುದಕ್ಕೆ ಮೂರು ನಾಲ್ಕು ವರ್ಷ ಮೊದಲೇ ಸ್ವಂತ ವಿಮೆ ಮಾಡಿಸಬೇಕೆಂಬ ಸಲಹೆಯ ಹಿಂದಿರುವುದು ಈ ಲೆಕ್ಕವೇ.

ಮಹಿಳೆಯರ ವರ್ಷವೇ ಬೇರೆ

ಗಡಿಯಾರದ ಸೂಕ್ಷ್ಮ ಭಾಗಗಳನ್ನು ಜೋಡಿಸುವ ವಿಭಾಗಗಳಲ್ಲಿ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ದುಡಿದರೆಂಬುದು ಎಚ್‌ಎಂಟಿಯ ಇತಿಹಾಸದ ಹೆಮ್ಮೆಯ ಅಂಶ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದು ಕೂರಿಸುವ ಆ ಕೆಲಸ ಅನೇಕ ಕುಟುಂಬಗಳಿಗೆ ಮೊದಲ ಹೆಣ್ಣುಮಗಳ ಸಂಬಳವನ್ನು ತಂದಿತು.

ಕಾರ್ಖಾನೆ ಬಿಟ್ಟ ಹೆಂಗಸಿಗೆ ದಿನ ಖಾಲಿಯಾಗುವುದಿಲ್ಲ. ಮರಿಯೆಂಥಾಲ್‌ನಲ್ಲೂ ಹೆಂಗಸರ ನಡಿಗೆ ನಿಧಾನವಾಗಲಿಲ್ಲ. ಅಡುಗೆ, ಮಕ್ಕಳು, ಬಟ್ಟೆಬರೆ ಕಾಯುತ್ತಿದ್ದವು. ಇಲ್ಲಿಯೂ ಅಷ್ಟೇ. ಮೊಮ್ಮಗುವನ್ನು ನೋಡಿಕೊಳ್ಳುವುದು, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಮನೆಗೆಲಸದವಳನ್ನು ಬಿಡಿಸಿ ಉಳಿಸುವ ಹಣ, ಎಲ್ಲವೂ ಅವಳ ಪಾಲಿಗೆ ಬರುತ್ತವೆ. ಅವಳಿಗೆ ನಷ್ಟವಾಗುವುದು ತನ್ನದೇ ಎನ್ನಬಹುದಾದ ಎಂಟು ಗಂಟೆ, ತನ್ನ ಹೆಸರಿನ ಸಂಬಳ, ಊಟದ ಬಿಡುವಿನಲ್ಲಿ ಡಬ್ಬಿ ಹಂಚಿಕೊಂಡ ಗೆಳತಿಯರು. ಪರಿಹಾರದ ಮೊತ್ತ ಅವಳ ಹೆಸರಿನಲ್ಲಿ ಬಂದರೂ ಅದನ್ನು ಯಾವುದಕ್ಕೆ ವಿನಿಯೋಗಿಸಬೇಕೆಂದು ತೀರ್ಮಾನಿಸುವವರು ಅನೇಕ ಮನೆಗಳಲ್ಲಿ ಬೇರೆಯವರೇ. ಮೊದಲ ವರ್ಷದ ಲೆಕ್ಕ ನೋಡುವಾಗ ಗಂಡ-ಹೆಂಡಿರಿಬ್ಬರೂ ಕೂತು, ಅವಳ ಹಣ ಅವಳ ಹೆಸರಿನಲ್ಲಿಯೇ ಉಳಿದಿದೆಯೇ ಎಂದು ಪರಿಶೀಲಿಸುವುದು ಒಳ್ಳೆಯದು.

ಹನ್ನೆರಡು ತಿಂಗಳ ಹಂತಗಳು

ನಿವೃತ್ತಿಯ ನಂತರದ ಮನಃಸ್ಥಿತಿಯನ್ನು ಹಂತಗಳಾಗಿ ವಿಂಗಡಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಆಚ್ಲಿ. 1970ರ ದಶಕದಲ್ಲಿ ಅವರು ಮಂಡಿಸಿದ ವಿವರಣೆಯ ಪ್ರಕಾರ ಮೊದಲಿಗೆ ಬರುವುದು ಮಧುಚಂದ್ರದ ಹಂತ. ಧರ್ಮಸ್ಥಳ, ತಿರುಪತಿ, ಮಗನ ಊರು, ತವರಿನ ಜಾತ್ರೆ ಎಂದು ಓಡಾಟ. ಕೆಲವು ತಿಂಗಳ ನಂತರ ಭ್ರಮನಿರಸನ. ಹೋಗಬೇಕಾದ ಊರುಗಳು ಮುಗಿದಿರುತ್ತವೆ, ಮನೆಯವರಿಗೆ ಇವನ ಇರುವಿಕೆ ಅಭ್ಯಾಸವಾಗಿರುವುದಿಲ್ಲ. ಅನಂತರ ಮರುಹೊಂದಾಣಿಕೆ, ಕೊನೆಗೆ ಸ್ಥಿರತೆ. ಎಲ್ಲರೂ ಇದೇ ಕ್ರಮದಲ್ಲಿ ಸಾಗಬೇಕೆಂದಿಲ್ಲ. ಆದರೆ ಎರಡನೆಯ ಹಂತ ಬರುತ್ತದೆಂದು ಮೊದಲೇ ತಿಳಿದಿದ್ದರೆ, ಆ ದಿನಗಳ ಮಂಕನ್ನು ಸ್ವಭಾವದೋಷವೆಂದು ಮನೆಯವರು ಭಾವಿಸುವುದು ತಪ್ಪುತ್ತದೆ.

ಅಂದಹಾಗೆ, ವರ್ಷದ ಲೆಕ್ಕ ಒಪ್ಪಿಸುವ ಪದ್ಧತಿ ಕನ್ನಡಿಗರಿಗೆ ಹೊಸದೇನೂ ಅಲ್ಲ. ಯುಗಾದಿಯಂದು ಬೇವು-ಬೆಲ್ಲ ತಿಂದು, ಪಂಚಾಂಗ ಶ್ರವಣದಲ್ಲಿ ಆದಾಯ-ವ್ಯಯಗಳನ್ನು ಕೇಳುವುದು ನಡೆದುಬಂದ ಸಂಪ್ರದಾಯ. 2016ರ ಏಪ್ರಿಲ್ 8ರಂದು ಬಂದ ಯುಗಾದಿ ದುರ್ಮುಖಿ ಸಂವತ್ಸರದ್ದು. ಹೆಸರು ಕೇಳಿದರೆ ಮುಖ ಸಿಂಡರಿಸುವಂತಿದ್ದರೂ ಅರವತ್ತು ಸಂವತ್ಸರಗಳ ಚಕ್ರದಲ್ಲಿ ಅದಕ್ಕೂ ಒಂದು ಸ್ಥಾನವಿದೆ. ಅದೂ ಮುಗಿದು ಇನ್ನೊಂದು ಬರುತ್ತದೆ.

ಮರುಹೊಂದಾಣಿಕೆಯ ಹಂತದಲ್ಲಿ ಕೈಹಿಡಿಯುವುದು ಬಹುತೇಕ ಹಳೆಯ ಕೈಚಳಕವೇ. ಜಾಲಹಳ್ಳಿಯ ಪಕ್ಕದಲ್ಲಿಯೇ ಇರುವ ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಿಗೆ ಯಂತ್ರದ ಅಳತೆ ಬಲ್ಲ ಅನುಭವಿಗಳ ಅಗತ್ಯ ಎಂದೂ ತೀರಿಲ್ಲ. ಗಡಿಯಾರ ಬಲ್ಲವರಿಗೆ ಇನ್ನೊಂದು ಅನಿರೀಕ್ಷಿತ ಬಾಗಿಲು ತೆರೆಯಿತು. ಕಾರ್ಖಾನೆ ಮುಚ್ಚುವ ಸುದ್ದಿ ಹಬ್ಬುತ್ತಿದ್ದಂತೆ ಹಳೆಯ ಎಚ್‌ಎಂಟಿ ಗಡಿಯಾರಗಳಿಗೆ ಸಂಗ್ರಾಹಕರ ಬೇಡಿಕೆ ಏರಿತು. ನಿಂತ ಜನತಾ, ಪೈಲಟ್‌ಗಳನ್ನು ಮತ್ತೆ ನಡೆಸಬಲ್ಲ ಕೈಗಳಿಗೆ ಬೆಲೆ ಬಂತು. ಇದರಿಂದ ಎಲ್ಲರ ಸಂಸಾರ ನಡೆಯಿತೆಂದು ಹೇಳಲಾಗದು. ಬೆಳಿಗ್ಗೆ ಎದ್ದು ಕೂರಲು ಒಂದು ಮೇಜು ಮಾತ್ರ ಸಿಕ್ಕಿತು.

ಅಪ್ಪನ ಗೇಟು, ಮಗನ ಬ್ಯಾಡ್ಜ್

ಜಾಲಹಳ್ಳಿಯ ಸುತ್ತಲಿನ ನೋಟ ಈಗ ಬದಲಾಗಿದೆ. 2014ರ ಮಾರ್ಚ್‌ನಲ್ಲಿ ಪೀಣ್ಯಕ್ಕೆ ಮೆಟ್ರೋ ಬಂದಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಿದ್ದ ಜಾಗದಲ್ಲಿ ಮಾಲ್ ಹಾಗೂ ಗಗನಚುಂಬಿ ಕಟ್ಟಡಗಳು ಎದ್ದಿವೆ. 2003ರಲ್ಲಿ ಮುಚ್ಚಿದ ಮೈಸೂರು ಲ್ಯಾಂಪ್ಸ್‌ನ ಬಲ್ಬು ಹಳಬರ ನೆನಪಿನಲ್ಲಷ್ಟೇ ಉರಿಯುತ್ತಿದೆ. ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ಬೆಂಗಳೂರಿನ ಎಚ್‌ಎಂಟಿ ಜಮೀನು ಅರಣ್ಯವೋ ಅಲ್ಲವೋ ಎಂಬ ವಿವಾದ 2024ರಲ್ಲಿ ರಾಜ್ಯ ಹಾಗೂ ಕೇಂದ್ರದ ನಡುವೆ ಭುಗಿಲೆದ್ದಿತು. ಜಮೀನಿನ ಬೆಲೆಯ ಕುರಿತು ನಡೆದಷ್ಟು ಚರ್ಚೆ ಅಲ್ಲಿ ದುಡಿದವರ ಕುರಿತು ನಡೆಯಲಿಲ್ಲ.

ಆ ನೌಕರರ ಮಕ್ಕಳ ತಲೆಮಾರು ಇಂದು ಹೆಬ್ಬಾಳದ ಬಳಿಯ ಮಾನ್ಯತಾ ಟೆಕ್ ಪಾರ್ಕ್‌ನಂಥ ಆವರಣಗಳಿಗೆ ಕೊರಳಲ್ಲಿ ಬ್ಯಾಡ್ಜ್ ಧರಿಸಿ ಹೋಗುತ್ತಿದೆ. ಐದಾರು ವರ್ಷಕ್ಕೊಂದು ಕಂಪನಿ ಬದಲಿಸುವ ಈ ತಲೆಮಾರಿಗೆ ಮೂವತ್ತು ವರ್ಷದ ಗೇಟು ಇಲ್ಲ. ಆದರೆ ಐವತ್ತೆಂಟಕ್ಕೆ ಬರಬೇಕಾದ ಪ್ರಶ್ನೆ ಮೂವತ್ತೆಂಟಕ್ಕೇ ಬರುತ್ತಿದೆ. 2022ರ ಕೊನೆಯಿಂದ ಜಗತ್ತಿನಾದ್ಯಂತ ತಂತ್ರಜ್ಞಾನ ಕಂಪನಿಗಳು ನೌಕರರನ್ನು ಕಡಿತಗೊಳಿಸಿದಾಗ ಬೆಂಗಳೂರಿನಲ್ಲಿಯೂ ಹಲವರು ಒಂದು ಇಮೇಲ್‌ನ ಮೂಲಕ ಕೆಲಸ ಕಳೆದುಕೊಂಡರು. ಅಪ್ಪನಿಗೆ ಸಿಕ್ಕಂಥ 39 ತಿಂಗಳ ಪರಿಹಾರ ಅವರಿಗಿಲ್ಲ. ಎರಡು ಮೂರು ತಿಂಗಳ ಸಂಬಳ ಬಂದರೆ ಹೆಚ್ಚು. ಗೃಹಸಾಲದ ಕಂತು ಮಾತ್ರ ಪ್ರತಿ ತಿಂಗಳು ತಪ್ಪದೆ ಬರುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ, ಕೆಲಸದಿಂದ ಕಡಿತಗೊಂಡ ಕಾರ್ಮಿಕನ ಮರುತರಬೇತಿಗೆ 15 ದಿನಗಳ ವೇತನ ನೀಡುವ ನಿಧಿಯೊಂದರ ಪ್ರಸ್ತಾಪವಿದೆ. ಹೊಸ ಕಸುಬು ಕಲಿಯಲು 15 ದಿನ ಸಾಲದೆಂಬುದು ಯಾರಿಗೂ ತಿಳಿದದ್ದೇ. ಆದರೂ ಕೆಲಸ ಹೋದ ನಂತರದ ಬದುಕೂ ಕಾನೂನಿನ ಕಣ್ಣಿಗೆ ಬಿದ್ದಿದೆ ಎಂಬುದು ಗಮನಾರ್ಹ.

ವರ್ಷಕ್ಕೊಮ್ಮೆ ಒಂದು ಪ್ರಮಾಣ

ಹಾಗಾದರೆ ಮೊದಲ ವರ್ಷದ ಕೊನೆಗೆ ಏನನ್ನು ಪರಿಶೀಲಿಸಬೇಕು? ಜಾಲಹಳ್ಳಿಯ ಅನುಭವ ಕೆಲವು ಪ್ರಶ್ನೆಗಳನ್ನು ಮುಂದಿಡುತ್ತದೆ. ಬಂದ ಗಂಟಿನಲ್ಲಿ ಎಷ್ಟು ಭಾಗ ಮೊದಲ ವರ್ಷವೇ ಕರಗಿತು? ಉಳಿದದ್ದು ಎಷ್ಟು ಕಡೆ ಹಂಚಿದೆ? ಕುಟುಂಬದವರಿಗೆ ಆ ಕಾಗದಗಳು ಎಲ್ಲಿವೆಯೆಂದು ತಿಳಿದಿದೆಯೇ? ಪಿಂಚಣಿದಾರ ಮೃತನಾದರೆ ಸಂಗಾತಿಗೆ ಪಿಂಚಣಿಯ ಅರ್ಧದಷ್ಟು ದೊರೆಯಲು ಬೇಕಾದ ವಿವರಗಳು ಸರಿಯಾಗಿ ದಾಖಲಾಗಿವೆಯೇ? ವಾರದಲ್ಲಿ ಎಷ್ಟು ದಿನ ಮನೆಯ ಹೊರಗಿನ ಯಾರೊಂದಿಗಾದರೂ ಮಾತನಾಡಿದ್ದಾಯಿತು? ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಯಾರಾದರೂ ಕಾಯುವಂಥ ಒಂದು ಕೆಲಸವಿದೆಯೇ? ಕೊನೆಯ ಎರಡು ಪ್ರಶ್ನೆಗಳಿಗೆ ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಉತ್ತರ ಸಿಗದು.

ಇಪಿಎಸ್ ಪಿಂಚಣಿ ಪಡೆಯುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ಬೆರಳು ಒತ್ತಿ ತಾನು ಬದುಕಿದ್ದೇನೆಂದು ದೃಢಪಡಿಸಬೇಕು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ದಶಕಗಳ ಕಾಲ ಗಡಿಯಾರದ ಪುಟ್ಟ ಚಕ್ರಗಳನ್ನು ಹಿಡಿದ ಬೆರಳುಗಳ ರೇಖೆ ಸವೆದು, ಕೆಲವೊಮ್ಮೆ ಯಂತ್ರ ಅದನ್ನು ಗುರುತಿಸುವುದೇ ಇಲ್ಲ. ಮತ್ತೆ ಒತ್ತಬೇಕಾಗುತ್ತದೆ.

ಜಾಲಹಳ್ಳಿಯ ಎಚ್‌ಎಂಟಿ ಆವರಣದಲ್ಲಿ 2019ರಲ್ಲಿ ಪಾರಂಪರಿಕ ವಸ್ತು ಸಂಗ್ರಹಾಲಯ ತೆರೆದಿದೆ. ಗಾಜಿನ ಪೆಟ್ಟಿಗೆಗಳಲ್ಲಿ ಸಾಲುಸಾಲಾಗಿ ಗಡಿಯಾರಗಳು. ಭೇಟಿ ನೀಡುವ ಮಕ್ಕಳಿಗೆ ಅವು ಹಳೆಯ ವಸ್ತು. ಆದರೆ ಯಶವಂತಪುರದಿಂದ ಯಲಹಂಕದವರೆಗಿನ ಅದೆಷ್ಟೋ ಮನೆಗಳಲ್ಲಿ ಅಂಥದ್ದೇ ಗಡಿಯಾರವೊಂದನ್ನು ಪ್ರತಿದಿನ ಬೆಳಿಗ್ಗೆ ಯಾರೋ ಕೈಗೆತ್ತಿಕೊಂಡು ಕೀಲಿ ಕೊಡುತ್ತಾರೆ. ಕೀಲಿ ಗಡಿಯಾರದ ನಿಯಮವೇ ಹಾಗೆ: ನಿನ್ನೆ ಕೊಟ್ಟದ್ದು ನಿನ್ನೆಗೆ ಸರಿಹೋಯಿತು, ಇಂದಿನದನ್ನು ಇಂದೇ ಕೊಡಬೇಕು.